ಅರವತ್ತೆಂಟರಲ್ಲಿ ಗುಡ್ಡ ಬರೆಯಲು ಕಲಿತದ್ದು: ಹಿರಿಯರ ನಿಸರ್ಗಚಿತ್ರ ತರಗತಿಯೊಂದರ ವಿಮರ್ಶೆ

ಚಿಕ್ಕಮಗಳೂರಿನ ಖಾಸಗಿ ಕಲಾಶಾಲೆಯೊಂದು ಅರವತ್ತು ದಾಟಿದವರಿಗೆಂದೇ ನಡೆಸುವ ಹನ್ನೆರಡು ವಾರಗಳ ಜಲವರ್ಣ ತರಗತಿಯನ್ನು ಆಗಸ್ಟ್‌ನಲ್ಲಿ ಸೇರಿ ಅಕ್ಟೋಬರ್ ಕೊನೆಯಲ್ಲಿ ಮುಗಿಸಿದೆ. ಶನಿವಾರ ಬೆಳಿಗ್ಗೆ ಎರಡೂವರೆ ಗಂಟೆಯ ಪಾಠ. ಶುಲ್ಕ, ಸಾಮಗ್ರಿಯೂ ಸೇರಿ, 6,500 ರೂಪಾಯಿ. ಮುಂದೆ ಕೆಲವು ದೂರುಗಳಿರುವುದರಿಂದ ಶಾಲೆಯ ಹೆಸರನ್ನು ಬರೆಯುತ್ತಿಲ್ಲ. ಇಂಥ ತರಗತಿಗೆ ಸೇರುವವರು ಮೊದಲು ಏನೇನು ವಿಚಾರಿಸಿಕೊಳ್ಳಬೇಕೆಂಬುದು ತಿಳಿದರೆ ಸಾಕು. ನಾನು ಬ್ಯಾಂಕಿನಿಂದ ನಿವೃತ್ತನಾಗಿ ಎಂಟು ವರ್ಷವಾಯಿತು, ಹೈಸ್ಕೂಲಿನ ಡ್ರಾಯಿಂಗ್ ಪರೀಕ್ಷೆಯ ನಂತರ ಬ್ರಷ್ ಮುಟ್ಟಿದವನಲ್ಲ.

ಮೊದಲ ದಿನ ಮೇಷ್ಟ್ರು ಏನನ್ನೂ ಹೇಳಿಕೊಡದೆ, ನಿಮ್ಮೂರಿನ ಗುಡ್ಡ ಬರೆಯಿರಿ ಎಂದು ಅರ್ಧ ಗಂಟೆ ನಮ್ಮ ಪಾಡಿಗೆ ನಮ್ಮನ್ನು ಬಿಟ್ಟರು. ಹತ್ತು ಮಂದಿಯಲ್ಲಿ ಏಳು ಮಂದಿ ಮೂರು ತ್ರಿಕೋನ ಎಳೆದು, ನಡುವೆ ಉದಯಿಸುವ ಸೂರ್ಯನನ್ನಿಟ್ಟು, ಕೆಳಗೊಂದು ಹೊಳೆ ಹರಿಸಿದ್ದೆವು. ನಾನಂತೂ ಎರಡು ಹಕ್ಕಿಗಳನ್ನೂ ಹಾರಿಸಿದ್ದೆ. ಅವರು ನಗಲಿಲ್ಲ. "ಯಜಮಾನ್ರೇ, ಈ ಊರಲ್ಲಿ ಎಷ್ಟು ವರ್ಷದಿಂದ ಇದ್ದೀರಿ? ಮುಳ್ಳಯ್ಯನಗಿರಿ ನಮಗೆ ಯಾವ ದಿಕ್ಕಾಯ್ತು?" ಎಂದಷ್ಟೇ ಕೇಳಿದರು. ಗಿರಿ ಇರುವುದು ಊರಿನ ವಾಯವ್ಯಕ್ಕೆ, ಅದರ ಹಿಂದಿನಿಂದ ಸೂರ್ಯ ಹುಟ್ಟುವ ಮಾತೇ ಇಲ್ಲ. ರಾಜ್ಯದ ಅತಿ ಎತ್ತರದ ಶಿಖರವನ್ನು ದಿನವೂ ತಾರಸಿಯಿಂದ ನೋಡುತ್ತ ಬಟ್ಟೆ ಒಣಹಾಕುವ ನಾವು, ಬರೆಯಲು ಕೂತಾಗ ಪ್ರೈಮರಿ ಶಾಲೆಯ ಪುಸ್ತಕದ ಗುಡ್ಡವನ್ನು ಬರೆದಿದ್ದೆವು.

ಈ ಮೇಷ್ಟ್ರ ದೊಡ್ಡ ಗುಣವೆಂದರೆ, ವಯಸ್ಸಾದವರ ಕಣ್ಣು ಮತ್ತು ಕೈ ಹೇಗಿರುತ್ತವೆ ಎಂಬುದನ್ನು ತಿಳಿದುಕೊಂಡು ಪಾಠ ಮಾಡುವುದು. ಎರಡನೆಯ ವಾರವೇ ಅವರು, ಯಾರ್ಯಾರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿದೆ ಎಂದು ಕೇಳಿ ಬರೆದುಕೊಂಡರು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿ ಬೆಳಕನ್ನು ತಡೆಯುತ್ತದೆ. ದೂರದ ಬೆಟ್ಟದ ಚಿತ್ರದಲ್ಲಿ ನೀಲಿಯೇ ಮುಖ್ಯವಾದ್ದರಿಂದ ಇದು ಸಣ್ಣ ಸಂಗತಿಯಲ್ಲ. ನನ್ನ ಪಕ್ಕದಲ್ಲಿ ಕೂರುತ್ತಿದ್ದ, ಎಪ್ಪತ್ತನಾಲ್ಕು ವರ್ಷದ ನಿವೃತ್ತ ಶಿಕ್ಷಕಿಯವರಿಗೆ ಬಲಗಣ್ಣಿನ ಆಪರೇಷನ್ ಮಾತ್ರ ಆಗಿತ್ತು. ಅವರು ಕಿಟಕಿಯ ಬಳಿ ನಿಂತು ಒಂದೊಂದೇ ಕಣ್ಣು ಮುಚ್ಚಿ ನೋಡಿ, ಬಲಗಣ್ಣಿಗೆ ಗುಡ್ಡ ನೀಲಿಯಾಗಿಯೂ ಎಡಗಣ್ಣಿಗೆ ಚಹಾದ ನೀರಿನಲ್ಲಿ ಅದ್ದಿದಂತೆಯೂ ಕಾಣುತ್ತದೆ ಎಂದಾಗ ನಾವೆಲ್ಲ ಬೆರಗಾದೆವು. ಫ್ರಾನ್ಸಿನ ಚಿತ್ರಕಾರ ಮೋನೆ 1923ರಲ್ಲಿ ಪೊರೆ ತೆಗೆಸಿಕೊಂಡ ಕತೆಯನ್ನು ಮೇಷ್ಟ್ರು ಆಗಲೇ ಹೇಳಿದ್ದು. ಅದಕ್ಕೆ ಅವರ ಪರಿಹಾರ ಸರಳವಾದದ್ದು: ಪ್ಯಾಲೆಟ್ಟಿನ ಪ್ರತಿ ಗುಳಿಯ ಪಕ್ಕದಲ್ಲೂ ಬಣ್ಣದ ಹೆಸರನ್ನು ದಪ್ಪ ಮಸಿಯಲ್ಲಿ ಬರೆಸಿದರು, ಮತ್ತು ಮೊದಲ ನಾಲ್ಕು ವಾರ ಒಂದೇ ಬಣ್ಣದಲ್ಲಿ, ನೀರಿನ ಪ್ರಮಾಣ ಬದಲಿಸುತ್ತ, ತಿಳಿ ಮತ್ತು ಗಾಢಗಳನ್ನಷ್ಟೇ ಅಭ್ಯಾಸ ಮಾಡಿಸಿದರು. ಹಿಂದಿನ ಸಾಲಿನ ಗುಡ್ಡ ತಿಳಿಯಾಗಿ, ಮುಂದಿನದು ಗಾಢವಾಗಿ ಬಂದರೆ, ಬಣ್ಣ ತುಸು ಆಚೀಚೆಯಾದರೂ ದೂರ ಕಾಣುತ್ತದೆ. ಕೆ. ವೆಂಕಟಪ್ಪನವರ (1886–1965) ಊಟಿಯ ಜಲವರ್ಣ ಚಿತ್ರಗಳ ಮುದ್ರಿತ ಪ್ರತಿಗಳನ್ನು ಮುಂದಿಟ್ಟು ಇದನ್ನು ತೋರಿಸಿದರು.

ಕೈ ನಡುಕಕ್ಕೆ ಅವರು ಕಂಡುಕೊಂಡಿದ್ದ ಉಪಾಯ ಇನ್ನೂ ಚೆನ್ನಾಗಿತ್ತು. ಫ್ಲೆಕ್ಸ್ ಬರುವ ಮೊದಲು ಅವರು ಅಂಗಡಿಗಳ ಬೋರ್ಡ್ ಬರೆಯುತ್ತಿದ್ದವರು. ಆಗ ಬಳಸುತ್ತಿದ್ದ, ತುದಿಗೆ ಬಟ್ಟೆಯ ಉಂಡೆ ಸುತ್ತಿದ ಕೋಲನ್ನೇ ತಂದು, ಎಡಗೈಯಲ್ಲಿ ಅದನ್ನು ಅಡ್ಡ ಹಿಡಿದು ಬಲಗೈ ಮಣಿಕಟ್ಟನ್ನು ಅದರ ಮೇಲೆ ಊರಿಕೊಳ್ಳಲು ಕಲಿಸಿದರು. ಸಹಿ ಮಾಡಲೂ ಕಷ್ಟಪಡುತ್ತಿದ್ದ ಒಬ್ಬರು ಆ ಕೋಲಿನ ಆಸರೆಯಲ್ಲಿ ಸಿಲ್ವರ್ ಓಕ್ ಮರದ ಕಾಂಡವನ್ನು ಒಂದೇ ಎಳೆತದಲ್ಲಿ ಎಳೆದದ್ದನ್ನು ನಾನು ನೋಡಿದ್ದೇನೆ. ಪ್ರೋಗ್ರೆಸ್ಸಿವ್ (ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿನ) ಕನ್ನಡಕದವರು ಗುಡ್ಡಕ್ಕೊಮ್ಮೆ ಕಾಗದಕ್ಕೊಮ್ಮೆ ತಲೆಯೆತ್ತಿ ಇಳಿಸಿ ಕತ್ತು ನೋಯಿಸಿಕೊಳ್ಳದಂತೆ ಹಲಗೆಯ ಕೆಳಗೆ ಇಟ್ಟಿಗೆಯಿಟ್ಟು ಎತ್ತರಿಸಿಕೊಟ್ಟರು.

ಹಸಿರಿನ ವಿಷಯದಲ್ಲಿ ಮಾತ್ರ ಅವರಿಗೂ ನಮಗೂ ಕೊನೆಯವರೆಗೆ ಜಟಾಪಟಿ. ಟ್ಯೂಬಿನಿಂದ ಬಂದ ಹಸಿರನ್ನು ಹಾಗೆಯೇ ಬಳಿದರೆ ಕಾಫಿ ತೋಟ ಪ್ಲಾಸ್ಟಿಕ್ ಹೂಕುಂಡದಂತೆ ಕಾಣುತ್ತದೆಂದು ಅವರು ಅದಕ್ಕೆ ಬರ್ನ್ಟ್ ಸಿಯೆನ್ನಾ ಎಂಬ ಕಂದು ಬಣ್ಣ ಬೆರೆಸಿ ತಣಿಸಲು ಹೇಳುತ್ತಿದ್ದರು. ಮಳೆಗಾಲದ ತೋಟ ನಿಜಕ್ಕೂ ಅಷ್ಟೇ ಹಸಿರು ಎಂಬ ನನ್ನ ವಾದವನ್ನು ನಾನು ಇಂದಿಗೂ ಬಿಟ್ಟಿಲ್ಲ. ಆದರೆ ಅಲ್ಟ್ರಾಮರೀನ್ ನೀಲಿಗೆ ಅದೇ ಕಂದನ್ನು ಬೆರೆಸಿದಾಗ ಬರುವ ಬೂದು, ನಮ್ಮ ಶ್ರಾವಣದ ಮೋಡದ ಬೂದುವೇ ಎಂಬುದನ್ನು ಒಪ್ಪಲೇಬೇಕು.

ಇನ್ನು ದೂರುಗಳು. ಪಾಠವನ್ನು ಇಷ್ಟು ಯೋಚಿಸಿ ಮಾಡುವ ಶಾಲೆ, ತರಗತಿಯನ್ನು ಲಿಫ್ಟ್ ಇಲ್ಲದ ಎರಡನೆಯ ಮಹಡಿಯಲ್ಲಿ ನಡೆಸುತ್ತದೆ, ಮೆಟ್ಟಿಲಿಗೆ ಒಂದು ಕಡೆಯಷ್ಟೇ ಕೈಹಿಡಿ ಇದೆ. ಮಂಡಿನೋವಿನ ಒಬ್ಬರು ಮೂರನೆಯ ವಾರಕ್ಕೇ ಬಿಟ್ಟುಹೋದರು, ಅವರಿಗೆ ಹಣ ವಾಪಸಾಗಲಿಲ್ಲ. ಶುಲ್ಕದಲ್ಲಿ ಸೇರಿಸಿ ಕೊಟ್ಟ ಕಾಗದ ತೆಳ್ಳನೆಯ ಡ್ರಾಯಿಂಗ್ ಶೀಟು, ನೀರು ತಾಗುತ್ತಿದ್ದಂತೆ ಹಪ್ಪಳದ ಹಾಗೆ ಏಳುತ್ತದೆ. ಜಲವರ್ಣಕ್ಕೆ 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ ಬೇಕು, ಅದರಲ್ಲೂ ಹತ್ತಿಯದಾದರೆ ಒಳ್ಳೆಯದು. ಕೈ ನಿಧಾನವಾದವರಿಗೆ ಒದ್ದೆ ಹಿಡಿದಿಟ್ಟುಕೊಳ್ಳುವ ಕಾಗದವೇ ಸಮಯ ಕೊಡುವುದು. ಇತ್ತ ಆಗಸ್ಟ್ ತಿಂಗಳ ಥಂಡಿಯಲ್ಲಿ ಒಂದು ಪದರ ಒಣಗಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು, ಹತ್ತು ಮಂದಿಗೆ ಇದ್ದದ್ದು ಒಂದೇ ಹೇರ್ ಡ್ರೈಯರ್. ಆ ಸರದಿಯಲ್ಲಿ ಊರಿನ ಸಮಾಚಾರವೆಲ್ಲ ತಿಳಿಯಿತೆನ್ನಿ.

ಹಿರೇಕೊಳಲೆ ಕೆರೆಗೆ ಕರೆದೊಯ್ದ ದಿನದ ವ್ಯವಸ್ಥೆಯಂತೂ ಬೇಸರ ತರಿಸಿತು. ಕೆರೆಯ ನೀರಿನಲ್ಲಿ ಗುಡ್ಡದ ಸಾಲು ತಲೆಕೆಳಗಾಗಿ ಕಾಣುವ ಆ ಜಾಗಕ್ಕಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ, ನಿಜ. ಆದರೆ ಹೊರಟದ್ದೇ ಹನ್ನೊಂದಕ್ಕೆ, ನೆತ್ತಿಯ ಬಿಸಿಲಿಗೆ ನೆರಳುಗಳೆಲ್ಲ ಅಳಿಸಿಹೋದ ಮೇಲೆ; ಕೂರಲು ಕುರ್ಚಿಗಳಿರಲಿಲ್ಲ, ಶೌಚಾಲಯದ ಬಗ್ಗೆ ಯಾರೂ ಯೋಚಿಸಿರಲಿಲ್ಲ. ಏರಿಯ ಮೇಲೆ ಜಮಖಾನ ಹಾಸಿದ್ದರು, ಅದರ ಮೇಲೆ ಕೂತವರನ್ನು ಎಬ್ಬಿಸಲು ಇಬ್ಬಿಬ್ಬರು ಬೇಕಾಯಿತು. ಇದರ ಮೇಲೆ ಕಡೆಯ ಎರಡು ಶನಿವಾರಗಳನ್ನು ಚಿತ್ರಪ್ರದರ್ಶನ, ಶಾಲು, ಪ್ರಮಾಣಪತ್ರಗಳ ತಯಾರಿಗೆ ಕಳೆದರು. ಕಚೇರಿಯ ಸಿಬ್ಬಂದಿ ಪ್ರತಿ ಚಿತ್ರದ ಮುಂದೆಯೂ ನಿಂತು "ತುಂಬಾ ಚೆನ್ನಾಗಿದೆ ಅಜ್ಜ" ಎನ್ನುತ್ತಿದ್ದರು. ನನ್ನ ಕೆರೆಯ ನೀರು ಎಡಕ್ಕೆ ವಾಲಿದ್ದನ್ನು ಹೇಳಿದವರು ಮೇಷ್ಟ್ರೊಬ್ಬರೇ.

ಎರಡನೆಯ ಹಂತ ಜನವರಿಯಲ್ಲಿ ಆರಂಭವಾಗುತ್ತದೆ, ಅದಕ್ಕೂ ಹಣ ಕಟ್ಟಿದ್ದೇನೆ. ಕಾಗದವನ್ನು ನಾನೇ ತಂದುಕೊಳ್ಳುವುದಾಗಿಯೂ, ಅದರ ಬೆಲೆಯನ್ನು ಶುಲ್ಕದಲ್ಲಿ ಕಳೆಯಬೇಕಾಗಿಯೂ ಅರ್ಜಿಯ ಹಿಂಬದಿಯಲ್ಲಿ ಬರೆದುಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.