ಜಾಝ್ ಬೇಸ್ ಇರುವವರೇ, "ಪಿಕಪ್ ಹೋಗಿದೆ ಸಾರ್" ಅಂದರೆ ದುಡ್ಡು ಬಿಚ್ಚಬೇಡಿ

ಬರೆಯುವಾಗಲೂ ಹೊಟ್ಟೆ ಉರಿಯುತ್ತಿದೆ. ಅಂಗಡಿಯ ಹೆಸರು ಹೇಳುವುದಿಲ್ಲ, ಬೆಂಗಳೂರಿನದು ಅಷ್ಟೇ. ಬೇಸ್ ಗಿಟಾರ್ ರಿಪೇರಿಗೆ ಕೊಡುವವರು ಮೊದಲು ಇದನ್ನು ಓದಿ.

ನನ್ನದು ಜಾಝ್ ಬೇಸ್, ಫೆಂಡರ್ ಮಾದರಿಯ ಬೇಸ್ ಗಿಟಾರ್. ಎರಡು ಸಿಂಗಲ್ ಕಾಯಿಲ್ ಪಿಕಪ್ (ಮ್ಯಾಗ್ನೆಟ್ಟಿಗೆ ವೈರ್ ಸುತ್ತಿದ, ತಂತಿಯ ನಡುಕ ಹಿಡಿದು ಆಂಪ್‌ಗೆ ಕಳಿಸುವ ಭಾಗ), ಒಂದು ನೆಕ್ ಅಂದರೆ ಕುತ್ತಿಗೆ ಕಡೆ, ಇನ್ನೊಂದು ಬ್ರಿಜ್ ಅಂದರೆ ತಂತಿ ಕೂರುವ ಬುಡದ ಕಡೆ. ಎರಡು ವಾಲ್ಯೂಮ್, ಒಂದು ಟೋನ್. ಎರಡೂ ವಾಲ್ಯೂಮ್ ಪೂರ್ತಿ ಇಟ್ಟರೆ ಗಲಾಟೆ ಇಲ್ಲ. ಒಂದನ್ನು ಇಳಿಸಿದರೆ ಗುಂಯ್ ಅಂತ ಹಮ್ ಶುರು. ಜೊತೆಗೆ, ಎರಡೂ ಪೂರ್ತಿ ಇದ್ದಾಗ ಶಬ್ದ ಸ್ವಲ್ಪ ಹಿಂದೆ ಸರಿದ ಹಾಗೆ ಇರುತ್ತಿತ್ತು, ಒಂದನ್ನು ಚೂರು ಇಳಿಸಿದರೆ ಮತ್ತೆ ಮುಂದೆ ಬರುತ್ತಿತ್ತು. ಅಂಗಡಿಯಲ್ಲಿ ಹೇಳಿದ್ದು ಇಷ್ಟೇ.

ಅವರು ಆಂಪ್‌ಗೆ ಹಾಕಿ, ನಾಬ್ ತಿರುಗಿಸಿ, ಹಮ್ ಕೇಳಿದ ತಕ್ಷಣ ತೀರ್ಪು ಕೊಟ್ಟರು. "ಬ್ರಿಜ್ ಪಿಕಪ್ ಹೋಗಿದೆ ಸಾರ್. ಒಳಗೆ ಕಾಯಿಲ್ ಶಾರ್ಟ್." ಮೀಟರ್ ಮುಟ್ಟಲೂ ಇಲ್ಲ!

ಏನೂ ಹೋಗಿರಲಿಲ್ಲ. ಫೆಂಡರ್ 1960ರಲ್ಲಿ ಜಾಝ್ ಬೇಸ್ ತಂದಾಗಿನಿಂದ ಅದರ ಸ್ವಭಾವವೇ ಇದು. ಸಿಂಗಲ್ ಕಾಯಿಲ್ ಅಂದರೆ ಕರೆಂಟಿನ 50 ಹರ್ಟ್ಸ್ ಹಮ್ ಹಿಡಿದೇ ಹಿಡಿಯುತ್ತದೆ. ಅದಕ್ಕೇ ಒಂದು ಪಿಕಪ್ಪಿನ ವೈರ್ ಒಂದು ಕಡೆಗೆ ಸುತ್ತಿರುತ್ತಾರೆ, ಇನ್ನೊಂದರದ್ದು ಉಲ್ಟಾ. ಮ್ಯಾಗ್ನೆಟ್ಟೂ ಉಲ್ಟಾ. ಹಮ್‌ಗೆ ಮ್ಯಾಗ್ನೆಟ್ ಲೆಕ್ಕಕ್ಕಿಲ್ಲ, ಸುತ್ತು ಮಾತ್ರ ಲೆಕ್ಕ. ಹಾಗಾಗಿ ಎರಡೂ ಸಮ ಇದ್ದಾಗ ಹಮ್‌ಗೆ ಹಮ್ ವಜಾ. ಗಿಟಾರ್ ತಂತಿಯ ನಾದಕ್ಕೆ ಸುತ್ತು, ಮ್ಯಾಗ್ನೆಟ್ಟು ಎರಡೂ ಲೆಕ್ಕ, ಉಲ್ಟಾದ ಉಲ್ಟಾ ನೆಟ್ಟಗೆ, ಅದು ಕೂಡಿಕೊಳ್ಳುತ್ತದೆ. ಒಂದು ವಾಲ್ಯೂಮ್ ಇಳಿಸಿದರೆ ಆ ಸಮ ತಪ್ಪುತ್ತದೆ, ಹಮ್ ಬರುತ್ತದೆ. ಇನ್ನು ಆ ಶಬ್ದ ಹಿಂದೆ ಸರಿಯೋದು? ಎರಡು ಪಿಕಪ್ ತಂತಿಯನ್ನು ಎರಡು ಬೇರೆ ಜಾಗದಲ್ಲಿ ಕೇಳುತ್ತವೆ, ಸೇರಿದಾಗ ಮಿಡ್ಸ್ (ತೀರಾ ಕೆಳಗೂ ಅಲ್ಲದ, ಮೇಲೂ ಅಲ್ಲದ ನಾದ) ಸ್ವಲ್ಪ ಅಡಗುತ್ತದೆ. ಅದೇ ಜಾಝ್ ಬೇಸ್ ಸೌಂಡು! ಜನ ಅದಕ್ಕೇ ಕೊಳ್ಳೋದು. ರಿಪೇರಿ ಅಂಗಡಿ ನಡೆಸುವವನಿಗೆ ಇದು ಗೊತ್ತಿರಬೇಕಲ್ವಾ?

ಹೊಸ ಪಿಕಪ್ ಹಾಕಿಸಿಕೊಂಡು ಬಂದೆ. ಮನೆಯಲ್ಲಿ ಹಾಕಿದರೆ, ಎರಡೂ ಪೂರ್ತಿ ಇಟ್ಟರೂ ಹಮ್. ಮೊದಲು ಒಂದಾದರೂ ನಿಶ್ಶಬ್ದ ಜಾಗ ಇತ್ತು, ಈಗ ಅದೂ ಇಲ್ಲ. ಫೋನ್ ಮಾಡಿದೆ. "ನಿಮ್ಮ ಮನೆ ಅರ್ಥಿಂಗ್ ಚೆಕ್ ಮಾಡಿಸಿ ಸಾರ್." ಅದೇ ಪ್ಲಗ್ಗು, ಅದೇ ಆಂಪು, ಅದೇ ಕೇಬಲ್ಲು ರೀ! ಪಿಕಪ್ ಬದಲಾದ ದಿನವೇ ನಮ್ಮನೆ ಅರ್ಥಿಂಗ್ ಕೆಟ್ಟಿತಾ?

ಜಗಳ ಮಾಡಿ ಮತ್ತೆ ತೆಗೆದುಕೊಂಡು ಹೋದೆ. ಒಳಗೆ ಹೋಗಿ ಏನೋ ಬೆಸುಗೆ ಹಾಕಿ ತಂದುಕೊಟ್ಟರು. ಹಮ್ ನಿಜವಾಗಿಯೂ ಹೋಗಿತ್ತು. ನಾನು ಥ್ಯಾಂಕ್ಸ್ ಬೇರೆ ಹೇಳಿ ಬಂದೆ. ಅದು ನೆನಪಾದರೆ ಈಗಲೂ ಮೈಯೆಲ್ಲ ಪರಚಿಕೊಳ್ಳುವ ಹಾಗಾಗುತ್ತದೆ.

ಯಾಕೆಂದರೆ ಹಮ್ ಜೊತೆ ಬೇಸೂ ಹೋಗಿತ್ತು. ಎರಡೂ ಪೂರ್ತಿ ಇಟ್ಟರೆ ಡಬ್ಬ ಬಡಿದ ಹಾಗೆ ತೆಳ್ಳಗೆ. ಒಂದೊಂದೇ ನುಡಿಸಿದರೆ ಸರಿ, ಸೇರಿಸಿದರೆ ಸತ್ತ ಹಾಗೆ. ಆರ್ಕೆಸ್ಟ್ರಾ ಪ್ರಾಕ್ಟೀಸಿನಲ್ಲಿ ಕೀಬೋರ್ಡಿನವನು ಎಲ್ಲರೆದುರು "ಏನ್ ಗುರು, ಬೇಸ್ ಆನ್ ಮಾಡಿದ್ಯಾ?" ಅಂದ. ಡ್ರಮ್ಮರ್ ನಕ್ಕ.

ಅಂಗಡಿಯವರ ಉತ್ತರ ಕೇಳಿ: "ಸಾರ್, ನೀವು ಹಮ್ ಬೇಡ ಅಂದ್ರಿ. ಹಮ್ ಹೋಯ್ತಲ್ಲ!"

ಕೊನೆಗೆ ಒಬ್ಬ ಗೆಳೆಯ ಎರಡೂ ಪಿಕಪ್ ಬಿಚ್ಚಿ ಮುಖಕ್ಕೆ ಮುಖ ಹಿಡಿದ. ಸರಿಯಾದ ಜೋಡಿಯಾಗಿದ್ದರೆ ಸೆಳೆದುಕೊಳ್ಳಬೇಕು. ತಳ್ಳಿದವು! ಹೊಸದೂ, ಮೊದಲಿನಿಂದ ಇದ್ದ ನೆಕ್ ಪಿಕಪ್ಪೂ ಒಂದೇ ಸುತ್ತು, ಒಂದೇ ಮ್ಯಾಗ್ನೆಟ್ಟು. ಇಂಥ ಜೋಡಿಯನ್ನು ನೆಟ್ಟಗೆ ಜೋಡಿಸಿದರೆ ಹಮ್ ಕೂಡಿಕೊಳ್ಳುತ್ತದೆ. ಒಂದು ಪಿಕಪ್ಪಿನ ಎರಡು ವೈರ್ ಅದಲುಬದಲು ಮಾಡಿದರೆ ಹಮ್ ವಜಾ, ಅದರ ಜೊತೆ ನಾದವೂ ವಜಾ. ಅವರು ಮಾಡಿದ್ದು ಅದನ್ನೇ. ಗೊತ್ತಿಲ್ಲದೆ ಮಾಡಿದರೋ, ಗೊತ್ತಿದ್ದೇ ಮಾಡಿದರೋ, ದೇವರಿಗೇ ಗೊತ್ತು. ಬಿಚ್ಚಿದ ಹಳೇ ಬ್ರಿಜ್ ಪಿಕಪ್ ವಾಪಸ್ ಕೇಳಿದೆ. "ಅದು ಆಗಲೇ ಸ್ಕ್ರ್ಯಾಪ್‌ಗೆ ಹೋಯ್ತು ಸಾರ್." ಚೆನ್ನಾಗಿದ್ದ ಪಿಕಪ್ಪು ಸ್ಕ್ರ್ಯಾಪ್‌ಗೆ ಹೋಯಿತಂತೆ. ನಂಬಿದಿರಾ?

ನೀವು ಮಾಡಬೇಕಾದ್ದು ಜಾಸ್ತಿ ಇಲ್ಲ. ಎಸ್.ಪಿ. ರಸ್ತೆಯಲ್ಲಿ ಒಂದು ಮಲ್ಟಿಮೀಟರ್ ತನ್ನಿ. "ಹೋಗಿದೆ" ಅಂದರೆ ಎದುರಿಗೇ ಅಳೆಯಿರಿ. ಜಾಝ್ ಬೇಸ್ ಪಿಕಪ್ ಸಾಮಾನ್ಯವಾಗಿ 7–8 ಕಿಲೋ ಓಮ್ ತೋರಿಸುತ್ತದೆ. ಕಾಯಿಲ್ ಕಡಿದಿದ್ದರೆ ಏನೂ ತೋರಿಸುವುದಿಲ್ಲ. ಬದಲಾಯಿಸಲೇಬೇಕಾದರೆ ಜೋಡಿ ಹೊಂದುತ್ತದಾ ಅಂತ ಕೇಳಿ, ಮುಖಕ್ಕೆ ಮುಖ ಹಿಡಿದು ನೋಡಿ. ಹಳೆಯದನ್ನು ಜೇಬಿಗೆ ಹಾಕಿಕೊಂಡೇ ಅಂಗಡಿಯಿಂದ ಹೊರಡಿ. ಎರಡೂ ವಾಲ್ಯೂಮ್ ಪೂರ್ತಿ ಇಟ್ಟು ಕೇಳದೆ ಒಂದು ಪೈಸೆ ಕೊಡಬೇಡಿ. ಹಮ್ ಸಹಿಸಲು ಆಗಲ್ಲ ಅನ್ನುವವರು ಸುಮ್ನೆ ಫೆಂಡರಿನದೇ ಇನ್ನೊಂದು ಮಾದರಿ, ಪ್ರೆಸಿಷನ್ ಬೇಸ್ ತೆಗೆದುಕೊಳ್ಳಿ, 1957ರಿಂದ ಅದರ ಪಿಕಪ್ಪೇ ಎರಡು ತುಂಡು, ಹಮ್ ತಾನೇ ವಜಾ ಆಗುತ್ತದೆ.

ಅಂಗಡಿಯವರು ಈಗ ನನ್ನ ಫೋನ್ ಎತ್ತುವುದಿಲ್ಲ. ಮೊನ್ನೆ ಹೆಂಡತಿಯ ನಂಬರಿನಿಂದ ಮಾಡಿದೆ, ಎತ್ತಿದರು. ಎಲ್ಲ ಕೇಳಿಸಿಕೊಂಡು ಸಮಾಧಾನವಾಗಿ ಹೇಳಿದರು: "ಒಂದು ಕೆಲಸ ಮಾಡಿ ಸಾರ್. ನೆಕ್ ಪಿಕಪ್ಪೂ ಹೊಸದು ಹಾಕಿಸಿಬಿಡಿ, ಸೆಟ್ ಆಗುತ್ತೆ."