ಎಲ್‌ಇಡಿನಾ, ಓಎಲ್‌ಇಡಿನಾ? ಕರೆಂಟ್ ಲೆಕ್ಕ ನೋಡೋಣ

ರಾಯಚೂರಿನಲ್ಲಿ ಟಿವಿ ಅಂಗಡಿಗೆ ಹೋದರೆ ಮೊದಲು ತಲೆ ಕೆಡಿಸುವುದು ಹೆಸರುಗಳು. ಎಲ್‌ಇಡಿ ಟಿವಿ ಅಂದರೆ ಎಲ್‌ಸಿಡಿ ಪರದೆಯೇ. ಹಿಂದೆ ಎಲ್‌ಇಡಿ ದೀಪ ಉರಿಯುತ್ತದೆ, ಅಷ್ಟೇ. ಕ್ಯೂಎಲ್‌ಇಡಿಯೂ ಅದೇ ಜಾತಿ, ಬಣ್ಣ ಚೆಂದ. ಓಎಲ್‌ಇಡಿ ಮಾತ್ರ ಬೇರೆ. ಅದಕ್ಕೆ ಹಿಂದೆ ದೀಪವೇ ಇಲ್ಲ, ಒಂದೊಂದು ಚುಕ್ಕೆಯೂ ತಾನೇ ಬೆಳಗುತ್ತದೆ. ಕಪ್ಪು ಬೇಕಾದ ಕಡೆ ಚುಕ್ಕೆ ಆರಿಯೇ ಹೋಗುತ್ತದೆ.

ಹಾಗಾದರೆ ಓಎಲ್‌ಇಡಿಗೆ ಕರೆಂಟ್ ಕಡಿಮೆ ಅಲ್ವಾ? ಅದು ನೀವು ಏನು ನೋಡುತ್ತೀರಿ ಅನ್ನುವುದರ ಮೇಲಿದೆ. ಕತ್ತಲೆ ದೃಶ್ಯಗಳ ಸಿನಿಮಾ ಆದರೆ ಉಳಿತಾಯ. ಬೆಳಗಿನಿಂದ ಕ್ರಿಕೆಟ್, ನ್ಯೂಸ್ ಓಡುವ ಮನೆಯಲ್ಲಿ ಪರದೆ ತುಂಬ ಬೆಳಕೇ. ಆಗ ಅದೇ ಅಳತೆಯ ಎಲ್‌ಇಡಿಗಿಂತ ಜಾಸ್ತಿ ಎಳೆಯಬಹುದು. ನಮ್ಮೂರ ಬಿಸಿಲು ಪಡಸಾಲೆಗೆ ನುಗ್ಗಿದಾಗ ಬ್ರೈಟ್‌ನೆಸ್ ಏರಿಸಿದರೆ ಯಾವ ಟಿವಿಯಾದರೂ ಹೆಚ್ಚು ತಿನ್ನುತ್ತದೆ.

ನನ್ನ ಪ್ರಕಾರ ಬಿಲ್ಲಿಗೆ ದೊಡ್ಡ ಪೆಟ್ಟು ಕೊಡುವುದು ಇಂಚು. 55 ಇಂಚಿನ ಪರದೆ 32 ಇಂಚಿನದಕ್ಕಿಂತ ವಿಸ್ತೀರ್ಣದಲ್ಲಿ ಹೆಚ್ಚುಕಡಿಮೆ 3 ಪಟ್ಟು. 80 ವ್ಯಾಟ್‌ನ ಟಿವಿ ದಿನಕ್ಕೆ 5 ಗಂಟೆ ಓಡಿದರೆ ತಿಂಗಳಿಗೆ 12 ಯೂನಿಟ್. 130 ವ್ಯಾಟ್‌ನದಾದರೆ 19.5. ಮೇ ತಿಂಗಳಲ್ಲಿ ಕೂಲರ್ ಹಗಲೂ ರಾತ್ರಿ ತಿರುಗುವಾಗ ಗೃಹಜ್ಯೋತಿ ಮಿತಿಯ ಅಂಚಿನಲ್ಲಿರುವವರಿಗೆ ಈ ಏಳೂವರೆ ಯೂನಿಟ್ಟೂ ಲೆಕ್ಕವೇ.

ಸುಮ್ನೆ ಸ್ಟಾರ್ ಎಣಿಸಬೇಡಿ. ದೊಡ್ಡ 5 ಸ್ಟಾರ್ ಟಿವಿ ಚಿಕ್ಕ 3 ಸ್ಟಾರ್‌ಗಿಂತ ಹೆಚ್ಚು ಕರೆಂಟ್ ಎಳೆಯಬಹುದು. ಲೇಬಲ್ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಇರುತ್ತದೆ, ಅದನ್ನು ಓದಿ. ನಾನಾದರೆ ಹಗಲು ಟಿವಿ ಓಡುವ ಮನೆಗೆ 43 ಇಂಚಿನ ಎಲ್‌ಇಡಿಯನ್ನೇ ತರುತ್ತೇನೆ.