ಕಬ್ಬನ್ ಹೆಸರಿನ ಜಾತಕ: ನಕ್ಷೆ ಓಕೆ, ಲಾಂಛನ ದಂಡ
ದಿನಾ ಕಬ್ಬನ್ ಪಾರ್ಕ್‌ನಲ್ಲಿ ವಾಕಿಂಗ್ ಮಾಡುವವನು ನಾನು. ಕುತೂಹಲ ತಡೆಯದೆ ಒಂದು ಆನ್‌ಲೈನ್ ಸೇವೆಗೆ ದುಡ್ಡು ಕಟ್ಟಿ 'ಕಬ್ಬನ್' ಅಡ್ಡಹೆಸರಿನ ವರದಿ ತರಿಸಿಕೊಂಡೆ.

ಈ ಹೆಸರಿನವರು ಎಲ್ಲಿ ಹೆಚ್ಚಿದ್ದರು ಅಂತ ಬ್ರಿಟನ್ನಿನ 1881ರ ಜನಗಣತಿ ಇಟ್ಟುಕೊಂಡು ಮಾಡಿದ ನಕ್ಷೆ ಚೆನ್ನಾಗಿದೆ. ಇಂಗ್ಲೆಂಡ್, ಐರ್ಲೆಂಡ್ ನಡುವಿನ ಪುಟ್ಟ ದ್ವೀಪ ಐಲ್ ಆಫ್ ಮ್ಯಾನ್ ಮೇಲೆ ಬಣ್ಣ ಗಾಢ, 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕೂಡ ಅಲ್ಲಿಯವರೇ ಅಲ್ವಾ. ಮೂಲ ಹೆಸರು 'ಮ್ಯಾಕ್ ಗಿಬ್ಬನ್', ಅಂದರೆ ಗಿಬ್ಬನ್‌ನ ಮಗ. ಬಾಯಲ್ಲಿ ಸವೆದು ಸವೆದು 'ಮ್ಯಾಕ್' ಹೋಗಿ ಅದರ ಬಾಲದ 'ಕ್' ಮಾತ್ರ ಉಳಿಯಿತು! ಅದಕ್ಕೇ ಆ ದ್ವೀಪದಲ್ಲಿ ಕ್ವೇಲ್, ಕಾರ್ಲೆಟ್ ತರಹದ ಹೆಸರುಗಳು ಜಾಸ್ತಿ.

ಬೇಜಾರಾಗಿದ್ದು 'ಮನೆತನದ ಲಾಂಛನ'ಕ್ಕೆ. ಎಕ್ಸ್‌ಟ್ರಾ ಹಣ ಸುಮ್ನೆ ದಂಡ. ಇಂಗ್ಲೆಂಡಿನ ಕಾನೂನಲ್ಲಿ ಲಾಂಛನ ವ್ಯಕ್ತಿಗೆ ಸೇರುತ್ತದೆ, ಅಡ್ಡಹೆಸರಿಗಲ್ಲ. ಅದನ್ನು ಮಾತ್ರ ತಗೋಬೇಡಿ.